ಹಳದಿ ಚೀಟಿಯ ಸಾಲು

ಆನಂದಕುಮಾರನಿಗೆ,

ಇದನ್ನು ಕಾಗದದ ಮೇಲೆ ಬರೆಯುತ್ತಿದ್ದೇನೆ. ನಮ್ಮ ಕನ್ನಡ ಬಳಗದ ವಾಟ್ಸಾಪ್ ಗುಂಪಿನಲ್ಲಿ ನಾನು ಬರೆದದ್ದಕ್ಕೆಲ್ಲ ನಿನ್ನಿಂದ ಉತ್ತರ ಬಂತು, ಕೇಳಿದ್ದಕ್ಕೆ ಮಾತ್ರ ಬರಲಿಲ್ಲ. ಅಲ್ಲಿ ನಿನಗೆ ನೋಡುಗರಿದ್ದರು. ಇಲ್ಲಿ ಹೆಬ್ಬೆರಳು ಎತ್ತಿ ತೋರಿಸುವವರಿಲ್ಲ, ಚಪ್ಪಾಳೆಯ ಚಿತ್ರ ಹಾಕುವವರಿಲ್ಲ. ನೀನು ಮತ್ತು ಒಂದು ಕಾಗದ, ಅಷ್ಟೆ.

ನನಗೆ ಸಿಟ್ಟು ಬಂದಿದೆ. ಮೊದಲೇ ಹೇಳಿಬಿಡುತ್ತೇನೆ. ಸಿಟ್ಟನ್ನು ತರ್ಕದ ಕೆಳಗೆ ಬಚ್ಚಿಟ್ಟು ಮಾತಾಡುವುದೂ ಒಂದು ಮೋಸ ಎಂದು ಹಿಂದೆ ನೀನೇ ಹೇಳುತ್ತಿದ್ದೆ.

ಗದಿಗೆಮ್ಮ ನಿನಗೆ ಗೊತ್ತು. ಬೆಳಿಗ್ಗೆ ನನ್ನ ಮನೆಗೆ ರೊಟ್ಟಿ ಬಡಿಯಲು ಬರುತ್ತಾಳೆ. ನಿನ್ನ ಶಹಾಪುರದ ಕಡೆಯವಳು. ನೀನು ಬಂದಾಗಲೆಲ್ಲ, "ಗದಿಗೆವ್ವಾ, ಇನ್ನೊಂದು ಬಿಸೀದು ಹಾಕವಾ, ಈ ಉಡುಪಿ ಮಂದಿಗೆ ರೊಟ್ಟಿ ಅಂದ್ರ ಏನು ಗೊತ್ತೈತಿ" ಎಂದು ನನ್ನನ್ನು ಹಂಗಿಸುತ್ತ ಉಂಡವನು. ಅವಳ ಗಂಡ ಚಂದ್ರಾಮ ಸನತ್‌ನಗರದ ಕೂಲಿ ಅಡ್ಡಾದಲ್ಲಿ ಬೆಳಿಗ್ಗೆ ನಿಂತು, ಮೇಸ್ತ್ರಿ ಕರೆದಲ್ಲಿಗೆ ಹೋಗಿ ಕಟ್ಟಡದ ಕೆಲಸ ಮಾಡುವವನು. ಕಳೆದ ವಾರ ಆ ಅಡ್ಡಾಕ್ಕೆ ನಾಲ್ಕೈದು ಹುಡುಗರು ಬಂದರು. ಫೋನಿನಲ್ಲಿದ್ದ ಮುಖವನ್ನೂ ಅವನ ಮುಖವನ್ನೂ ಒಂದರ ಪಕ್ಕ ಒಂದಿಟ್ಟು ನೋಡಿದರು. "ಯೇಇಚ್ ಹೈ ರೇ", ಇವನೇ ಕಣೋ, ಅಂದರು. ಯಾವ ಪಾರ್ಟಿ ಕರೆದುಕೊಂಡು ಬಂತು, ಕೂಪನ್ ಎಲ್ಲಿ, ಎಷ್ಟು ವೋಟು ಹಾಕುತ್ತೀ ಎಂದು ಕೇಳಿದರು. ಗೋಡೆಗೆ ಒತ್ತಿ ನಿಲ್ಲಿಸಿ ವಿಡಿಯೊ ತೆಗೆದರು. ಕೆನ್ನೆಗೆ ಹೊಡೆದರು. ಅವನ ವೋಟು ಇರುವುದು ಊರಲ್ಲಿ, ಈ ನಗರದಲ್ಲಿ ಅವನಿಗೆ ರೇಷನ್ ಕಾರ್ಡೂ ಇಲ್ಲ. ಅದನ್ನು ಹೇಳಲು ಬೇಕಾದ ಹಿಂದಿ ಹೊಡೆಸಿಕೊಳ್ಳುವಾಗ ಅವನ ಬಾಯಿಗೆ ಬರಲಿಲ್ಲ.

ಆ ಫೋನಿನಲ್ಲಿದ್ದದ್ದು ನೀನು ತೆಗೆದ ಫೋಟೊ.

ಯುಗಾದಿಯ ಊಟ ನೆನಪಿಸಿಕೋ. ಸದಸ್ಯರಿಗೆ ಮೇಲಿನ ಹಾಲಿನಲ್ಲಿ ಎಲೆ, ಅಡ್ಡಾದಿಂದ ಬರುವ ನಮ್ಮ ಕಡೆಯ ಕೂಲಿ ಜನಕ್ಕೆ ಕೆಳಗೆ ಅಂಗಳದಲ್ಲಿ ತಟ್ಟೆ. ಹಿಂದಿನ ವರ್ಷ ಅನ್ನ ಸಾಲದೆ ಹೋಗಿತ್ತೆಂದು ಚೀಟಿ ಕೊಡುವ ಪದ್ಧತಿ ತಂದವನು ನೀನು. ಯಾವುದಕ್ಕೂ ಒಂದು ಪ್ರೊಸೆಸ್ ಇರಬೇಕು ಎಂದೆ. ಊಟಕ್ಕೂ ಪ್ರೊಸೆಸ್ಸೇ ಎಂದು ನಾನು ನಕ್ಕಿದ್ದೆ. ಹಬ್ಬಕ್ಕೆ ಹೊಂದಲಿ ಎಂದು ಹಳದಿ ಕಾಗದ ಆರಿಸಿದವನೂ ನೀನೇ. ಅಂಗಳದಲ್ಲಿ ಸಾಲು ನಿಂತಾಗ ಮೆಟ್ಟಿಲು ಹತ್ತಿ ಫೋನ್ ಎತ್ತಿದೆ. ಆಮೇಲೆ ಏನಾಯಿತೆಂದು ಚಂದ್ರಾಮ ನನಗೆ ಹೇಳಿದ್ದು ಇಷ್ಟು: "ಆನಂದಣ್ಣಾರು ಚೀಟಿ ಮ್ಯಾಲ ಹಿಡೀರಿ ಅಂದ್ರು, ಹಿಡದಿವ್ರಿ. ನಗ್ರೆಪಾ ಅಂದ್ರು, ನಕ್ಕಿವ್ರಿ."

ಚುನಾವಣೆ ಬಂತು. ಅದೇ ನಗು, ಅದೇ ಎತ್ತಿದ ಕೈಗಳು. ಮೇಲೆ ಕೆಂಪು ಅಕ್ಷರ: ಒಂದು ವೋಟಿಗೆ ಒಂದು ಕೂಪನ್, ಹೊರಗಿನಿಂದ ತಂದ ಮತದಾರರು ಹೇಗೆ ನಗುತ್ತಿದ್ದಾರೆ ನೋಡಿ, ನಮ್ಮ ನಗರ ಯಾರ ಕೈಗೆ? ತೆಲುಗಿನಲ್ಲಿ ಬಂತು, ಹಿಂದಿಯಲ್ಲಿ ಬಂತು, ಕೊನೆಗೆ ನಮ್ಮ ಗುಂಪಿಗೂ ಕನ್ನಡದಲ್ಲಿ ಬಂತು. ಹಾಕಿದವನು ನೀನು. ಕೆಳಗೆ ಒಂದು ಸಾಲು ಬೇರೆ: "ನನಗೆ ಬಂದದ್ದನ್ನು ಹಾಗೇ ಕಳಿಸಿದ್ದೇನೆ." ನಿನ್ನ ಫೋಟೊ ಯಾರಿಂದಲೋ ನಿನಗೇ ಬಂದಿತ್ತಂತೆ. ಶಹಾಪುರದ ಬಸ್ಸಿನಲ್ಲಿ ಒಂದು ಟ್ರಂಕು ಹೊತ್ತು ಬಂದು ಇಳಿದ ಮನುಷ್ಯ ನಮ್ಮ ನಗರ ಯಾರ ಕೈಗೆ ಎಂದು ಉಡುಪಿಯಿಂದ ಬಂದವಳನ್ನು ಕೇಳುತ್ತಿದ್ದ.

ಮೂಲ ಫೋಟೊ ನನ್ನ ಬಳಿ ಇತ್ತು. ಹಬ್ಬದ ದಿನವೇ ನೀನು ಕಳಿಸಿದ್ದು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಮೇಲಿನಿಂದ ಬಳಗದ ಬ್ಯಾನರ್ ಹೋಗಿತ್ತು. ಬಲಗಡೆಯಿಂದ ಅನ್ನದ ಪಾತ್ರೆ ಹೋಗಿತ್ತು. ಕೆಳಗಡೆ ಅಷ್ಟು ಜಾಗ ಕತ್ತರಿಸಿದ್ದೇಕೆ ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಅಲ್ಲಿ, ಅಂಗಳದ ಸಿಮೆಂಟಿನ ಮೇಲೆ, ಎರಡೂ ಕೈಯಲ್ಲಿ ಫೋನ್ ಎತ್ತಿ ಹಿಡಿದ ಒಬ್ಬ ಮನುಷ್ಯನ ನೆರಳು ಬಿದ್ದಿತ್ತು.

ಅಮೀರ್‌ಪೇಟ್ ನೆನಪಾಗುತ್ತದೆ. ಬೇಡವೆಂದರೂ ದಿನವೂ ಅಲ್ಲೇ ಇಳಿಯುವವಳಿಗೆ ಬೇರೆ ದಾರಿಯಿಲ್ಲ. ಆಗ ಮೆಟ್ರೊ ಕಂಬಗಳಿರಲಿಲ್ಲ. ಜಾವಾ, ಒರಾಕಲ್ ಎಂಬ ಬ್ಯಾನರುಗಳ ಹಿಂದೆ ಕಟ್ಟಡಗಳಿವೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಮಹಡಿಯ ಮೇಲಿನ ತಗಡಿನ ಕೋಣೆಯಲ್ಲಿ ನಾವಿಬ್ಬರೂ ಸಾಫ್ಟ್‌ವೇರ್ ಟೆಸ್ಟಿಂಗ್ ಕಲಿಸುತ್ತಿದ್ದೆವು. ಹಾಸ್ಟೆಲ್ಲಿನ ಸಾರು ಕುಡಿದು ಬಂದ ಹುಡುಗರು ಬೆವರುತ್ತ ಕೂತಿರುತ್ತಿದ್ದರು. ನೀನು ಅವರಿಗೆ ಒಂದು ಮಾತು ಹೇಳುತ್ತಿದ್ದೆ, ಆಮೇಲೆ ಚಹಾ ಅಂಗಡಿಯಲ್ಲಿ ಅದನ್ನೇ ನಿನ್ನ ಭಾಷೆಯಲ್ಲಿ ನನಗೆ ಹೇಳುತ್ತಿದ್ದೆ: "ಎಲ್ಲಾ ಛಲೋ ನಡದೈತಿ ಅಂತ ತೋರ್ಸೋದು ಮಾರೋರ ಕೆಲಸರೀ ಮೇಡಂ. ಎಲ್ಲಿ ಮುರೀತೈತಿ ಅಂತ ಹುಡುಕೋದು ನಮ್ಮ ಕೆಲಸ."

ಶನಿವಾರ ಪಾಠ ಬೇಗ ಮುಗಿಸಿ, ನೀನು ಪತ್ರಿಕೆಯಿಂದ ಯಾವುದಾದರೂ ಭಾಷಣ ಕತ್ತರಿಸಿ ಬೋರ್ಡಿಗೆ ಅಂಟಿಸುತ್ತಿದ್ದೆ. ಇದನ್ನೂ ಟೆಸ್ಟ್ ಮಾಡಿ ಎನ್ನುತ್ತಿದ್ದೆ. ಭಾಷಣ ಯಾರದೆಂಬ ಭಾಗವನ್ನು ಒಳಗೆ ಮಡಚುತ್ತಿದ್ದೆ, ಹೆಸರು ಕಂಡರೆ ಹುಡುಗರ ಬುದ್ಧಿ ಆಗಲೇ ಪಕ್ಷ ಸೇರಿರುತ್ತದೆ ಎಂದು. ಮಾತು ಎಲ್ಲಿ ಜಾರಿತು, ಯಾವ ಪದ ಹೆದರಿಸಲಿಕ್ಕೆಂದೇ ಬಂತು, ಯಾವ ಪ್ರಶ್ನೆಗೆ ಉತ್ತರವೇ ಇಲ್ಲದೆ ಪ್ಯಾರಾ ಮುಗಿಯಿತು ಎಂದು ಹುಡುಗರು ಹುಡುಕುತ್ತಿದ್ದರು. ಆ ಜಾರುವಿಕೆಗಳಿಗೆ ಇಂಗ್ಲಿಷ್ ಪುಸ್ತಕದಲ್ಲಿ ದೊಡ್ಡ ಹೆಸರುಗಳಿದ್ದವು. ನಮ್ಮಿಬ್ಬರಿಗೆಂದು ನೀನು ಬೇರೆಯೇ ಇಟ್ಟಿದ್ದೆ. ಕೇಳಿದ್ದಕ್ಕೆ ಉತ್ತರ ಕೊಡದೆ ಕೇಳಿದವರ ಹಳೆಯ ಮೌನವನ್ನು ಕೆದಕುವುದು "ಆವಾಗ ಎಲ್ಲಿದ್ದಿ". ಎದುರಿನವನು ಹೇಳದೇ ಇದ್ದುದನ್ನು ಅವನ ಬಾಯಿಗೆ ತುರುಕಿ ಅದನ್ನು ಬಡಿಯುವುದು "ಬೆದರುಗೊಂಬೆ". ಹತ್ತು ದಾರಿಯಿರುವಲ್ಲಿ ಎರಡನ್ನೇ ತೋರಿಸಿ ಆರಿಸಿಕೋ ಎನ್ನುವುದು "ಎರಡ ಬಾಗಲಾ". ನಾವು ಸಿಟಿ ಬಸ್ಸಿನಲ್ಲಿ ಜಗಳ ಕೇಳಿದರೂ ಕಿವಿಯಲ್ಲಿ ಹೆಸರು ಹೇಳಿಕೊಂಡು ನಗುತ್ತಿದ್ದೆವು. ಆ ನಗುವಿಗಾಗಿ ನಾನು ಎರಡು ಸ್ಟಾಪು ಮುಂದೆ ಹೋಗಿ ಇಳಿದದ್ದುಂಟು. ಅದು ನಿನಗೆ ತಿಳಿಯಲಿಲ್ಲ, ತಿಳಿಸುವಂಥದ್ದು ಎಂದು ನನಗೂ ಅನ್ನಿಸಲಿಲ್ಲ.

ಈಗ ಗುಂಪಿನಲ್ಲಿ ಆದದ್ದನ್ನು ಹೊರಗಿನವಳಂತೆ ಓದುತ್ತೇನೆ. ಫೋಟೊ ಎಲ್ಲಿಯದು ಎಂದು ನಾನು ಕೇಳಿದೆ. ಹೋದ ಚುನಾವಣೆಯಲ್ಲಿ ಆ ಕಡೆಯವರು ಸೀರೆ ಹಂಚಿದಾಗ ನಳಿನಿ ಮೇಡಂ ಎಲ್ಲಿದ್ದರು ಎಂದು ನೀನು ಬರೆದೆ. ನಾನು ಮನೆಯಲ್ಲಿದ್ದೆ ಆನಂದ. ನಾನೆಲ್ಲಿದ್ದೆ ಎಂಬುದರಿಂದ ಈ ಫೋಟೊ ತೆಗೆದ ಜಾಗ ಬದಲಾಗುವುದಿಲ್ಲ. ಮತ್ತೆ ಕೇಳಿದೆ. ಕೊಂಡಾಪುರದ ಸತೀಶ, ಆ ಚುರುಕು ಹುಡುಗ, "ಹಾಗಾದ್ರೆ ಬೋಗಸ್ ವೋಟಿಂಗ್ ಸರಿ ಅಂತೀರಾ ಮೇಡಂ?" ಎಂದ. ನಾನು ಹೇಳದ ಮಾತಿಗೆ ನನ್ನನ್ನು ಬಡಿದ. ಹುಡುಗನಿಗೆ ತಿಳಿಯದೆ ಬಂದ ಚಾಳಿ ಅದು. ಹೆಸರು ತಿಳಿದ ನೀನು ಅದಕ್ಕೆ ಚಪ್ಪಾಳೆ ಹಾಕಿದೆ. ಆಮೇಲೆ ನಿನ್ನದೇ ಮಾತು ಬಂತು: ನಗರದ ಪರವೋ, ನುಗ್ಗಿದವರ ಪರವೋ, ಮೇಡಂ ಮೊದಲು ಅದನ್ನು ಹೇಳಲಿ. ಎರಡು ಬಾಗಿಲು. ಎರಡರ ಬೀಗವೂ ನಿನ್ನ ಕೈಯಲ್ಲಿ.

ನಾನು ಮೂಲ ಫೋಟೊ ಹಾಕಿದೆ. ಬ್ಯಾನರ್, ಅನ್ನದ ಪಾತ್ರೆ, ನೆರಳು ಎಲ್ಲ ಇದ್ದದ್ದು. ಅದಕ್ಕೆ ನೀನು ಬರೆದದ್ದನ್ನು ಇಲ್ಲಿ ಹಾಗೇ ಇಳಿಸುತ್ತೇನೆ, ನಿನ್ನ ಕಣ್ಣಿಗೆ ಕಾಗದದಲ್ಲೂ ಒಮ್ಮೆ ಬೀಳಲಿ. "ಬ್ಯಾನರ್ ಆಮೇಲೆ ಅಂಟಿಸಿದ್ದೂ ಇರಬಹುದು. ಈಗಿನ ಕಾಲದಲ್ಲಿ ಯಾವುದು ಅಸಲಿ ಅಂತ ಹೇಳುವವರು ಯಾರು?"

ನೀನು, ಆನಂದಕುಮಾರ. ಹೇಳುವವನು ನೀನು. ಈ ಪ್ರಪಂಚದಲ್ಲಿ ಆ ಒಂದು ಫೋಟೊದ ಬಗ್ಗೆ ಅನುಮಾನ ಪಡುವ ಅಧಿಕಾರ ಇಲ್ಲದ ಮನುಷ್ಯ ಒಬ್ಬನೇ ಒಬ್ಬ, ಅವನು ಮೆಟ್ಟಿಲ ಮೇಲೆ ನಿಂತಿದ್ದ. ಅನುಮಾನ ಪಡುವುದನ್ನು ನೀನು ನಮಗೆ ಕಲಿಸಿದ್ದು ನಿಜ ಸಿಗಲಿ ಎಂದು. ನಿಜವೆಂಬುದೇ ಯಾರಿಗೂ ಸಿಗದ ಹಾಗೆ ಎಲ್ಲದರ ಮೇಲೂ ಅನುಮಾನದ ಮಣ್ಣು ಎರಚಲು ಅದೇ ಕೈ ಸಾಕಾಯಿತು. ಇದಕ್ಕೆ ನಾವು ಹೆಸರಿಟ್ಟಿರಲಿಲ್ಲ. ಬೇಕಾಗುತ್ತದೆ ಎಂದು ಅನ್ನಿಸಿರಲಿಲ್ಲ.

ಉಳಿದವರ ವಿಷಯ. ಮೇಲೆ ಉಂಡವರು ಕೆಳಗೆ ಇಣುಕಿರಲಿಲ್ಲ. ಕೆಳಗೆ ಬಡಿಸಿದವರು ತಟ್ಟೆ ನೋಡಿದ್ದರು, ಮುಖ ನೋಡಿರಲಿಲ್ಲ. ಗುರುತು ಹಿಡಿದ ಒಬ್ಬಿಬ್ಬರು ನನಗೆ ಬೇರೆಯಾಗಿ ಮೆಸೇಜು ಮಾಡಿ, ನೀವು ಹೇಳಿದ್ದು ನಿಜ ಮೇಡಂ, ಆದರೆ ಗುಂಪಿನಲ್ಲಿ ರಾಜಕೀಯ ಬೇಡ ಎಂದರು. ನಿನ್ನ ಫೋಟೊ ಅವರಿಗೆ ರಾಜಕೀಯವಾಗಿ ಕಾಣಲಿಲ್ಲ, ನನ್ನ ಪ್ರಶ್ನೆ ಕಂಡಿತು.

ಚಂದ್ರಾಮನಿಗೆ ಹೊಡೆದದ್ದನ್ನು ಗುಂಪಿನಲ್ಲಿ ಬರೆದ ದಿನ ನಿನ್ನ ಕೊನೆಯ ಉತ್ತರ ಬಂತು. "ಫೋಟೊ ತಪ್ಪಿರಬಹುದು, ಸಮಸ್ಯೆ ನಿಜ." ಸಮಸ್ಯೆಗೆ ಕೆನ್ನೆ ಇಲ್ಲ ಆನಂದ. ಚಂದ್ರಾಮನಿಗೆ ಇದೆ.

ಆ ಗಳಿಗೆಯಲ್ಲಿ ನಾನೂ ಟೈಪ್ ಮಾಡಿದೆ: ನಿಮ್ಮ ಪಕ್ಷದವರೆಲ್ಲ ಇಷ್ಟೇ, ಮನುಷ್ಯರೇ ಅಲ್ಲ. ಕಳಿಸುವ ಮುಂಚೆ ಓದಿದೆ. ನೀನು ಶನಿವಾರದ ಬೋರ್ಡಿಗೆ ಅಂಟಿಸುತ್ತಿದ್ದಂಥದ್ದೇ ವಾಕ್ಯ. ಅಳಿಸಿದೆ. ನಿನ್ನ ಪಾಠ ನನ್ನ ಬೆರಳಿನಲ್ಲಿ ಇನ್ನೂ ಇದೆ ಎಂಬುದು ಸಿಟ್ಟನ್ನು ಇಳಿಸಲಿಲ್ಲ, ಹೆಚ್ಚಿಸಿತು. ಮರುದಿನ ಎದುರು ಪಕ್ಷದ ಪ್ರಚಾರ ನೋಡಿಕೊಳ್ಳುವ ಒಬ್ಬ ಫೋನ್ ಮಾಡಿದ. ಬಹಳ ವಿನಯದ ಮನುಷ್ಯ. ಹೊಡೆದ ವಿಡಿಯೊ ಸಿಕ್ಕರೆ ನಾವು ಅದನ್ನು ರಾಜ್ಯದಾದ್ಯಂತ ಓಡಿಸುತ್ತೇವೆ ಎಂದ. ಚಂದ್ರಾಮನ ಮುಖಕ್ಕೆ ಎರಡೂ ಕಡೆ ಬೇಡಿಕೆ ಇದೆ ನೋಡು. ಗದಿಗೆಮ್ಮನನ್ನು ಕೇಳಿದೆ. ಹಿಟ್ಟು ನಾದುತ್ತಿದ್ದವಳು ತಲೆ ಎತ್ತಲಿಲ್ಲ. "ಬ್ಯಾಡ್ರಿ ಅಕ್ಕಾರ. ಇನ್ನೊಮ್ಮಿ ಅವರ ಮಾರಿ ಫೋನಿನ್ಯಾಗ ಬರೋದು ಬ್ಯಾಡ. ನಕ್ಕಿದ್ದಕ್ಕ ಇಷ್ಟಾತು, ಅತ್ತಿದ್ದು ತೋರಿಸಿದ್ರ ಇನ್ನೇನು ಮಾಡ್ತಾರೋ." ಆಮೇಲೆ ಉಂಡೆ ಮಾಡಿ ಬಡಿದಳು. ಅಂದಿನ ರೊಟ್ಟಿ ಅಂಚು ಸೀಳಿತ್ತು.

ಈಗ ಅವರ ಕೋಣೆಯ ಪ್ರಶ್ನೆ. ಸನತ್‌ನಗರದ ಅವರ ಮನೆಯೊಡತಿ ಯಂಕಮ್ಮ ಕೆಟ್ಟವಳಲ್ಲ. ಓಣಿಯ ಹುಡುಗರು ಬಂದು ಬೋಗಸ್ ವೋಟಿನವರನ್ನು ಇಟ್ಟುಕೊಂಡಿದ್ದೀ ಎಂದು ಕೂಗಾಡಿ ಹೋದ ಮೇಲೆ ದೀಪಾವಳಿಯ ತನಕ ಗಡುವು ಕೊಟ್ಟಿದ್ದಾಳೆ. ನಾನು ಹೋಗಿ ಮೂಲ ಫೋಟೊ ತೋರಿಸಿದೆ. ಕಣ್ಣಿಗೆ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು. "ಪೆಟ್ಟಿನವಾಡೇ ಚೆಪ್ಪಾಲಿ ಕದಮ್ಮಾ" ಎಂದಳು. ಹಾಕಿದವನೇ ಹೇಳಬೇಕಲ್ಲವೇ ಎಂದು. ಹಾಕಿದವನು ಸುಳ್ಳೆಂದು ಹೇಳಿದರೆ ಅದನ್ನೇ ಹುಡುಗರ ಮುಖಕ್ಕೆ ಹಿಡಿಯುತ್ತೇನೆ, ಗಂಡಹೆಂಡಿರು ಇಲ್ಲೇ ಇರಲಿ ಎಂದಳು. ನಾನು ಹೇಳಿದರೆ ಅದು ವಾದವಾಗುತ್ತದೆ, ನೀನು ಹೇಳಿದರೆ ಸಾಕ್ಷಿಯಾಗುತ್ತದೆ. ನಿನ್ನ ಒಂದು ಮಾತಿನ ಮೇಲೆ ಅವರ ಒಲೆ, ಪಾತ್ರೆ, ಹಾಸಿಗೆ ನಿಂತಿವೆ. ಇದಕ್ಕಿಂತ ಸರಳವಾಗಿ ಇದನ್ನು ಹೇಳಲು ನನಗೆ ಬರುವುದಿಲ್ಲ.

ನೀನು ಅದನ್ನೆಲ್ಲ ನಂಬಿ ಮಾಡಿದೆಯೋ, ಪಕ್ಷದ ಪ್ರಚಾರ ನೋಡಿಕೊಳ್ಳುವ ನಿನ್ನ ಹೊಸ ಆಫೀಸಿನ ಕೆಲಸವೆಂದು ಮಾಡಿದೆಯೋ ಎಂದು ತುಂಬಾ ಯೋಚಿಸಿದೆ. ನಂಬಿದ್ದರೆ ಜಗಳವಾಡಬಹುದಿತ್ತು. ಆದರೆ ನಂಬಿದವನು ತನ್ನ ನೆರಳನ್ನು ಕತ್ತರಿಸುವುದಿಲ್ಲ. ಎಲ್ಲಿ ಮುರಿಯುತ್ತದೆ ಎಂದು ಹುಡುಕುವ ಕೆಲಸವನ್ನು ನೀನು ಇನ್ನೂ ಬಿಟ್ಟಿಲ್ಲ. ಈಗ ಮನುಷ್ಯರಲ್ಲಿ ಹುಡುಕುತ್ತಿದ್ದೀ.

ಮುಂದಿನ ಭಾನುವಾರ ರಾಜ್ಯೋತ್ಸವದ ಊಟ. ಅಡ್ಡಾದಿಂದ ಈ ಸಲ ಯಾರೂ ಬರುವುದಿಲ್ಲ. ಚೀಟಿ ಕೊಡಲು ಹೋದವರಿಗೆ ಹುಸೇನಪ್ಪನೆಂಬ ಮುದುಕ ಕೈ ಹಿಂದೆ ಕಟ್ಟಿಕೊಂಡು, "ಊಟ ಹಾಕ್ರಿ, ಉಣ್ತೀವಿ. ಕೈಯಾಗ ಕಾಗದ ಮಾತ್ರ ಕೊಡಬ್ಯಾಡ್ರಪಾ" ಎಂದನಂತೆ. ಹಳದಿ ಚೀಟಿಗಳ ಕಟ್ಟು ಹಾಗೇ ನನ್ನ ಮೇಜಿನ ಮೇಲಿದೆ. ಒಂದನ್ನು ತೆಗೆದು ಈ ಪತ್ರದೊಳಗೆ ಇಟ್ಟಿದ್ದೇನೆ.

ಭಾನುವಾರ ಬಾ. ಮೇಲಿನ ಹಾಲಿಗೆ ಹೋಗಬೇಡ. ಅಂಗಳದಲ್ಲಿ, ಚಂದ್ರಾಮ ನಿಂತಿದ್ದ ಜಾಗದಲ್ಲಿ, ಬ್ಯಾನರಿನ ಕೆಳಗೆ, ಈ ಚೀಟಿಯನ್ನು ಮೇಲೆ ಹಿಡಿದು ನಿಲ್ಲು. ನಾನು ಮೆಟ್ಟಿಲ ಮೇಲಿನಿಂದ ಒಂದು ಫೋಟೊ ತೆಗೆಯುತ್ತೇನೆ. ಅದರಲ್ಲಿ ಬೇರೆ ಯಾರ ಮುಖವೂ ಇರುವುದಿಲ್ಲ. ಆ ಫೋಟೊವನ್ನು ನೀನೇ ಕಳಿಸು. ಇದು ಊಟದ ಚೀಟಿ, ಆ ಫೋಟೊ ನಾನು ತೆಗೆದದ್ದು ಎಂದು ನಿನ್ನ ಹೆಸರು ಹಾಕಿ, ಮೊದಲಿನದು ಯಾವ ಯಾವ ಗುಂಪಿಗೆ ಹೋಯಿತೋ ಅಲ್ಲಿಗೆಲ್ಲ, ಮೂರೂ ಭಾಷೆಯಲ್ಲಿ ಕಳಿಸು. ಕತ್ತರಿಸದೆ ಕಳಿಸು. ಕೆಳಗೆ ನನ್ನ ನೆರಳು ಬಿದ್ದಿದ್ದರೆ ಅದೂ ಇರಲಿ. ನಗು ಎಂದು ನಾನು ಹೇಳುವುದಿಲ್ಲ.

ಬಾರದಿದ್ದರೆ ನಾನು ಮತ್ತೆ ಬರೆಯುವುದಿಲ್ಲ. ದೀಪಾವಳಿಯ ಹೊತ್ತಿಗೆ ನನ್ನ ಮನೆಯ ಹಿಂದಿನ ಕೋಣೆ ಖಾಲಿ ಮಾಡಿಸುತ್ತೇನೆ. ಅವರ ಸಾಮಾನು ಹಿಡಿಯುವಷ್ಟು ಜಾಗವಿದೆ. ಆದರೆ ನನ್ನ ಮನೆಯಲ್ಲಿ ಅವರಿಗೆ ಸಿಗುವುದು ಬರೀ ಸೂರು. ಹೊಡೆಸಿಕೊಂಡ ಅಡ್ಡಾದಲ್ಲಿ ಚಂದ್ರಾಮ ಮತ್ತೆ ತಲೆ ಎತ್ತಿ ನಿಲ್ಲಬೇಕಾದರೆ ಬೇಕಾದದ್ದು ನಿನ್ನ ಹತ್ತಿರ ಮಾತ್ರ ಇದೆ.

ನಿನಗೇನು ಹಾರೈಸಲಿ ಎಂದು ಯೋಚಿಸಿ, ಇದೊಂದನ್ನೇ ಹಾರೈಸುತ್ತೇನೆ: ಭಾನುವಾರ ನಿನಗೆ ಚೆನ್ನಾಗಿ ಹಸಿವಾಗಲಿ.

ಅಂಗಳದಲ್ಲಿ ಕಾಯುವ,
ನಳಿನಿ