ಐದನೆಯ ಬಿಲ್ಲೆ

ಮನೆ,
ಸೋಮವಾರ, ಮೇ ಹನ್ನೆರಡು

ನನ್ನ ಮೊಂಡ ತಮ್ಮನಿಗೆ ಪ್ರೀತಿಯ ನೆನಪುಗಳು.

ಹೇಗಿದ್ದೀಯ? ಕೆಮ್ಮು ನಿಂತಿತೆ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ, ಇಲ್ಲ ಬ್ರೆಡ್ಡಿನ ಮೇಲೇ ಬದುಕೋ? ನಾವೆಲ್ಲ ಕ್ಷೇಮ. ಆದರೆ ಮೊನ್ನೆ ಸಂಜೆ ಹಾಗೆ ಬರೆಯುವಂತಿರಲಿಲ್ಲ, ಯಾಕೆಂದು ಹೇಳುತ್ತೇನೆ.

ನನ್ನ ಮಗಳು, ನಿನ್ನ ಮುದ್ದಿನ ಸೊಸೆ ಚೂಟಿ, ಹಟ ಹಿಡಿದಳೆಂದು ಶನಿವಾರ ಅಪ್ಪ ಅಮ್ಮನೊಡನೆ ಹೊಳೆದಂಡೆಯ ಸರ್ಕಾರಿ ಪಾರ್ಕಿಗೆ ಹೋದೆವು, ಟೆಂಟಿನಲ್ಲಿರಲು. ಗಡಿಯಾರ ರಿಪೇರಿ ಮಾಡುವ ಕೈಗೆ ಗೂಟ ಯಾವ ಲೆಕ್ಕ ಎಂದರು ಅಪ್ಪ. ಟೆಂಟು ಅಮ್ಮನ ತಲೆಯ ಮೇಲೆ ಬಿತ್ತು. ಅಲ್ಲಿ ಒಂದು ಕಟ್ಟುನಿಟ್ಟು. ಗೇಟಿನಲ್ಲಿ ತಲೆಗೊಂದರಂತೆ ದಾರ ಕಟ್ಟಿದ ತಗಡಿನ ಬಿಲ್ಲೆ ಕೊಡುತ್ತಾರೆ, ಅದರ ಮೇಲೆ ಟೆಂಟಿನ ನಂಬರು. ನೀರಿಗಿಳಿಯುವಾಗ ಅದನ್ನು ದಂಡೆಯ ಹಲಗೆಗೆ ತೂಗುಹಾಕಬೇಕು, ಮೇಲೆ ಬಂದವರು ತಮ್ಮದನ್ನು ತಾವೇ ತೆಗೆಯಬೇಕು. ಬಿಲ್ಲೆ ಪಡೆದದ್ದೂ ಅಪ್ಪ, ತೂಗುಹಾಕಿದ್ದೂ ಅಪ್ಪ. ಯಜಮಾನರಲ್ಲವೆ!

ಸಂಜೆ ಗಾರ್ಡ್ ಸೀಟಿ ಊದಿದ. ಹೊಳೆ ಖಾಲಿಯಾದರೂ ನಮ್ಮ ನಂಬರಿನ ಒಂದು ಬಿಲ್ಲೆ ಹಲಗೆಯಲ್ಲೇ ಉಳಿದಿತ್ತು. ತಿರುಗಿ ನೋಡಿದರೆ ಚೂಟಿ ಇಲ್ಲ. ಚೂಟೀ ಎಂದು ಕಿರುಚಿದೆ ಕಣೋ. ದೋಣಿಗಳು ಇಳಿದವು, ಗಳ ಹಾಕಿ ತಳ ಕೆದಕಿದರು. ಅಪ್ಪ ಉಟ್ಟಬಟ್ಟೆಯಲ್ಲೇ ಎದೆಮಟ್ಟ ನೀರಿಗಿಳಿದು ಅವಳನ್ನು ಕೂಗುತ್ತಿದ್ದರು. ಅಷ್ಟರಲ್ಲಿ ಆ ಕತ್ತೆ ಲೋಟ ತೊಳೆದುಕೊಂಡು ನಲ್ಲಿಯ ಕಡೆಯಿಂದ ಬಂದಳು, ಕೊರಳಲ್ಲಿ ಅವಳ ಬಿಲ್ಲೆ! ಎರಡು ಬಾರಿಸಿ, ಅಪ್ಪಿಕೊಂಡು ಅತ್ತೆ.

ಆದರೆ ದೋಣಿಗಳು ನಿಲ್ಲಲಿಲ್ಲ. "ಬಿಲ್ಲೆ ಇದೆ ಅಂದ್ರೆ ನೀರಲ್ಲಿ ಜನ ಇದಾರೆ" ಎಂದ ಗಾರ್ಡ್. ನಮ್ಮ ನಾಲ್ವರ ಬಿಲ್ಲೆಗಳೂ ನಮ್ಮ ಹತ್ತಿರವೇ ಇದ್ದವು, ಹಾಗಾದರೆ ಇದು ಯಾರದೆಂದು ದಂಡೆಯವರೆಲ್ಲ ನಮ್ಮನ್ನೇ ಕೇಳತೊಡಗಿದರು. ಆಗ ಅಪ್ಪ ತೊಯ್ದು ತೊಪ್ಪೆಯಾಗಿ ಮೇಲೆ ಬಂದು, ಯಾರ ಮುಖವನ್ನೂ ನೋಡದೆ, "ಹುಡುಕ್ಬೇಡಿ, ಅದು ನನ್ನ ಮಗಂದು" ಎಂದರು. ಅವನು ಯಾವಾಗ ಇಳಿದ ಎಂದು ಗಾರ್ಡ್ ಗಾಬರಿಯಾದ. "ಇಳೀಲಿಲ್ಲ, ಮನೆ ಬಿಟ್ಟು ಹೋದ. ಎರಡು ವರ್ಷ ಆಯ್ತು. ಗೇಟಲ್ಲಿ ಎಷ್ಟು ಜನ ಅಂತ ಕೇಳಿದಾಗ ಬಾಯಿ ತಪ್ಪಿ ಐದು ಅಂದೆ. ಆಮೇಲೆ ವಾಪಸ್ ಕೊಡೋಕೆ ಮನಸ್ಸು ಬರ್ಲಿಲ್ಲ, ನಮ್ಮವುಗಳ ಜೊತೆಗೇ ತೂಗುಹಾಕ್ದೆ." ಹೊಸ್ತಿಲು ತುಳೀಬೇಡ ಎಂದು ನಿನಗೆ ಹೇಳಿದ್ದೂ ಇದೇ ಬಾಯಿ. ನನಗೆ ಸಿಟ್ಟು ಬಂತು, ಆದರೂ ಟವೆಲು ತಂದು ಅವರ ತಲೆ ಒರೆಸಿದೆ. ಗಾರ್ಡ್ ಮಾತ್ರ ಬೈಯಲಿಲ್ಲ.

ಅಮ್ಮನ ಆಶೀರ್ವಾದ, ಚೂಟಿಯ ಮುತ್ತು ನಿನಗೆ. ಅಪ್ಪ ಏನೂ ಹೇಳಿಕಳಿಸಿಲ್ಲ. ಅವರು ಹಿಡಿದ ಮೊಲಕ್ಕೆ ಮೂರೇ ಕಾಲು, ನೀನು ಹಿಡಿದದ್ದಕ್ಕೂ.

ನಿನ್ನ
ಅಕ್ಕ

ತಾ.ಕ.: ಲಕೋಟೆ ಅಂಟಿಸುವ ಮೊದಲು ಇದೊಂದು. ಗಾರ್ಡ್ ಆ ಬಿಲ್ಲೆಯನ್ನು ಅಪ್ಪನಿಗೇ ಕೊಟ್ಟ. ನೀನು ಷರ್ಟು ತೂಗುಹಾಕುತ್ತಿದ್ದ ಮೊಳೆಗೆ ಅದನ್ನು ಹಾಕಿದ್ದಾರೆ. ಬೆಳಿಗ್ಗೆ ಗುಡಿಸುವಾಗ ತೆಗೆಯಹೋದೆ, ಗದರಿಬಿಟ್ಟರು: "ಮುಟ್ಬೇಡ. ಅವನದನ್ನ ಅವನೇ ಬಂದು ತೆಗೀಲಿ."