ಎರಡನೇ ಬಾಯ್ಲರಿನ ಖಣ

ಮಾನ್ಯ ಬಾಯ್ಲರ್ ತಪಾಸಣಾಧಿಕಾರಿಗಳೇ,

ನೀವು ಸಹಿ ಮಾಡಲಿರುವ ಕಾಗದದಲ್ಲಿ "ಎಚ್ಚರಿಕೆಯ ಭೋಂಗಾ ಕೂಗಿತ್ತು, ಕೆಲಸಗಾರ ಲಕ್ಷ್ಯ ಕೊಡಲಿಲ್ಲ" ಎಂದು ಬರೆದಿದೆಯಂತೆ. ಭೋಂಗಾ ಕೂಗಲಿಲ್ಲ. ಅದರ ಬಾಯಿ ಕಟ್ಟಿತ್ತು. ಕಟ್ಟಿದ ಕೈ ನನ್ನದು. ಬರುವ ಸೋಮವಾರ ಎರಡನೇ ಬಾಯ್ಲರಿಗೆ ಮತ್ತೆ ಬೆಂಕಿ ಹಾಕುತ್ತಾರೆ. ಅದರ ಬಾಯಿಯೂ ನಾನು ಕಟ್ಟಿದ ಹಾಗೇ ಇದೆ.

ನನ್ನ ಗುರುತು ನಿಮಗಿರಲಿಕ್ಕಿಲ್ಲ. ನೀವು ತಪಾಸಣೆಗೆ ಬಂದ ದಿನ, ಸಕ್ಕರೆ ಕಾರ್ಖಾನೆಯೊಳಗೇ ಕೂತು, "ಸಕ್ಕರೆ ಕಡಿಮೆ ಹಾಕಮ್ಮ" ಎಂದಿದ್ದಿರಿ. ಆ ಚಹಾ ತಂದವಳು ನಾನು. ಕೊಣ್ಣೂರಿನವಳು. ಏಳನೆಯ ಇಯತ್ತೆಯ ತನಕ ನಮ್ಮೂರ ಸಾಲಿ ಕಲಿತವಳು. ಹನ್ನೆರಡು ವರ್ಷ ಈ ಕಾರ್ಖಾನೆಯ ಆಫೀಸಿಗೆ ಚಹಾ ಒಯ್ದೆ. ಈಗ ಒಯ್ಯುವುದಿಲ್ಲ, ಗೇಟ್ ಪಾಸ್ ಕಸಿದುಕೊಂಡಿದ್ದಾರೆ. ಒಳಗೆ ಬಂದು ಹೇಳುವ ದಾರಿ ಇಲ್ಲದ್ದಕ್ಕೆ ಹೊರಗೆ ನಿಂತು ಎಲ್ಲರಿಗೂ ಕೇಳುವಂತೆ ಈ ಬಹಿರಂಗ ಪತ್ರದಲ್ಲಿ ಹೇಳುತ್ತಿದ್ದೇನೆ.

ಬಾಯ್ಲರ್ ಒಡೆದದ್ದು ಮುಂಜಾನೆ ಹತ್ತೂವರೆಗೆ. ಹುಕ್ಕೇರಿ ಕಡೆಯ ಮಹಾಂತೇಶ ಅಲ್ಲಿಯೇ ತೀರಿಕೊಂಡ. ಬಾಯ್ಲರ್ ಕಾಯುವ ನನ್ನ ತಮ್ಮ ಭೀಮಶಿ ಎದೆ, ಕೈ, ಬಾಯಿ ಸುಟ್ಟುಕೊಂಡು ಘಟಪ್ರಭಾದ ದವಾಖಾನೆಯಲ್ಲಿ ಮಲಗಿದ್ದಾನೆ. ಮರುದಿನವೇ ಮ್ಯಾನೇಜರ್ ಸಾಹೇಬರು ನನಗೆ ಫೋನ್ ಮಾಡಿಸಿದರು. ದೊಡ್ಡ ಮಂದಿ ಬರುತ್ತಾರೆ, ಚಹಾ ಚಲೋ ಆಗಬೇಕು ಎಂದು. ತಮ್ಮನ ಹಾಸಿಗೆಯ ಬದಿಗೆ ಅವನ ಹೆಂಡತಿಯನ್ನು ಕೂರಿಸಿ ಹೋದೆ. ಮೂರು ದಿನ ಚಹಾ ಒಯ್ದೆ. ಒಡೆದದ್ದು ಒಂದೇ ಬಾಯ್ಲರ್, ಆದರೆ ಒಂದೊಂದು ಕಡೆ ಒಂದೊಂದು ಅಪಘಾತ ಕೇಳಿದೆ.

ಮೀಟಿಂಗ್ ಹಾಲಿನಲ್ಲಿ ಪತ್ರಿಕೆಯವರಿಗೆ ಬಿಸ್ಕೀಟು ಇಡುವಾಗ ಅದು "ತಾಂತ್ರಿಕ ಕಾರಣದ ಸಣ್ಣ ಉಗಿ ಸೋರಿಕೆ" ಆಗಿತ್ತು. ಸಣ್ಣ ಸೋರಿಕೆಗೆ ಛಾವಣಿ ಹಾರಿ ಕಬ್ಬಿನ ಹೊಲದಲ್ಲಿ ಬಿದ್ದಿತ್ತು, ಇರಲಿ. ಕಬ್ಬು ಬೆಳೆದವರಿಗೆ ಆಟೋದಲ್ಲಿ ಮೈಕು ಕಟ್ಟಿ ಕೂಗಿಸಿದರು: "ಕಾರ್ಖಾನಿಗೆ ಏನೂ ಆಗಿಲ್ಲ, ಅಂಜಬ್ಯಾಡ್ರಿ, ಕಬ್ಬು ಕಡಿಯೂದು ನಿಲ್ಲಸಬ್ಯಾಡ್ರಿ." ಆ ಆಟೋ ಮಹಾಂತೇಶನ ಮಣ್ಣಿಗೆ ಹೊರಟ ಮಂದಿಯನ್ನು ದಾಟಿಕೊಂಡೇ ಹೋಯಿತು. ಇನ್ನು ಗೇಟಿನ ಬದಿಯ ಬೇವಿನ ಗಿಡದ ಕೆಳಗೆ ಕೂತಿದ್ದ ಅವನ ಮನೆಯವರ ಮುಂದೆ ಮ್ಯಾನೇಜರ್ ಸಾಹೇಬರು ಕೈ ಮುಗಿದು ನಿಂತರು. "ಎಲ್ಲಾ ದೇವರ ಆಟ ಐತ್ರಿ. ಬಾಯ್ಲರ್ ಪೂಜಾದಾಗ ಏನೋ ಊನ ಆಗೇತಿ."

ಮಹಾಂತೇಶನ ಹೆಂಡತಿ ಭಾಗ್ಯಾ ತಲೆ ಎತ್ತಿದಳು. "ದೇವ್ರು ಯಾವ ಪಾಳಿಗೆ ಬಂದಿದ್ದ್ರಿ, ಸಾಹೇಬ್ರ? ಹಾಜರಿ ಪುಸ್ತಕದಾಗ ಅವನ ಹೆಸ್ರು ಐತೇನು, ತೋರಿಸ್ರಲಾ."

ಸಾಹೇಬರು ನನ್ನ ಕಡೆ ತಿರುಗಿದರು. "ಶಂಕ್ರವ್ವಾ, ಆಕಿಗೆ ಒಂದೀಟು ಚಹಾ ಕೊಡ."

ನಿಮ್ಮ ಮುಂದೆ ಮಾತ್ರ ದೇವರೂ ಇಲ್ಲ, ಸೋರಿಕೆಯೂ ಇಲ್ಲ. ನಿಮಗೆ ಹೇಳಿದ್ದು ಭೀಮಶಿ ಮೊಬೈಲ್ ನೋಡುತ್ತ ಕೂತಿದ್ದ ಎಂದು. ಅವನ ಮೊಬೈಲು ಆ ಹೊತ್ತಿಗೆ ನನ್ನ ಚಹಾದ ಕೋಣೆಯಲ್ಲಿ ಚಾರ್ಜಿಗೆ ಇತ್ತು. ಇವತ್ತಿಗೂ ನನ್ನ ಹತ್ತಿರವೇ ಇದೆ. ಸುಟ್ಟ ಬಾಯಿಂದ ಅವನು ಉತ್ತರ ಕೊಡಲಾರ ಎಂಬ ಧೈರ್ಯದ ಮೇಲೆ ಹೇಳಿದ ಮಾತು ಅದು.

ನಾನು ಮಂಗಳವಾರ, ಶುಕ್ರವಾರ ಒಪ್ಪತ್ತು ಮಾಡುವವಳು. ಯಲ್ಲವ್ವನ ಹೆಸರು ಹೇಳದೆ ಒಲೆ ಹಚ್ಚುವುದಿಲ್ಲ. ಹಾಗಿರುವಾಗ ಪೂಜೆಯಲ್ಲಿ ಊನವಾಗಿದೆ ಎಂಬ ಮಾತು ನನ್ನ ಎದೆಗೆ ಹೇಗೆ ನಾಟಿರಬೇಕು? ಆ ಪೂಜೆಗೆ ಉಡಿ ತುಂಬಿದವಳೂ ನಾನೇ. ಎರಡು ದಿನ ಅನ್ನ ಸೇರಲಿಲ್ಲ. ಆಮೇಲೆ ತಿಳಿಯಿತು, ಊನ ಆಗಿದ್ದು ಖರೆ. ಆದರೆ ಅದನ್ನು ಮಾಡಿದ್ದು ದೇವರಲ್ಲ.

ಹಂಗಾಮು ಸುರುವಾಗುವ ಮೊದಲು ಬಾಯ್ಲರಿಗೆ ಬೆಂಕಿಯ ಪೂಜೆ ಆಗುತ್ತದೆ. ಅನ್ನ ಕೊಡುವ ತಾಯಿ ಎಂದು ನಾವು ಅದಕ್ಕೆ ಉಡಿ ತುಂಬಿ, ಕುಪ್ಪಸದ ಬಟ್ಟೆಯ ಖಣ ಏರಿಸುತ್ತೇವೆ. ಈ ಸಲ ಸ್ವಾಮಿಗಳು ಮಂತ್ರ ಹೇಳುವಾಗಲೇ ಕಂಬದ ಮೇಲಿನ ಭೋಂಗಾ ಒದರತೊಡಗಿತು. ಮೊದಲು ಒಂದು ಬಾಯ್ಲರಿನದು, ಅದರ ಬೆನ್ನಿಗೇ ಇನ್ನೊಂದರದು. ದೊಡ್ಡ ಮಂದಿ ಕಿವಿ ಮುಚ್ಚಿಕೊಂಡರು. ಮ್ಯಾನೇಜರ್ ಸಾಹೇಬರು, "ಏ, ಅದರ ಕುತ್ತಿಗಿ ಹಿಸುಕ್ರೋ!" ಎಂದರು. ವೈರು ಕಿತ್ತರು, ಸಾಲದ್ದಕ್ಕೆ ಎರಡರ ಬಾಯಿಗೂ ಗೋಣಿತಟ್ಟು ತುರುಕಿದರು. ಆಮೇಲೆ ನನಗೆ ಹೇಳಿದರು: "ಶಂಕ್ರವ್ವಾ, ಗೋಣಿ ಕಾಣಬಾರ್ದು, ಫೋಟೋ ಚಂದ ಬರ್ಬೇಕು. ಎರಡಕ್ಕೂ ಖಣ ಕಟ್ಟಿಬಿಡು."

ಕಟ್ಟಿದೆ. ಹಸಿರು ಖಣ, ಕೆಂಪು ಅಂಚು, ಮೂರು ಮೂರು ಗಂಟು, ಮೇಲೆ ಕುಂಕುಮ. ಅದು ಪಾಳಿ ಬದಲಿಸುವ ಭೋಂಗಾ ಎಂದು ತಿಳಿದಿದ್ದೆ. ಒಳಗೆ ನೀರು ಕಡಿಮೆಯಾದರೆ ಕೂಗುವ ಭೋಂಗಾ ಎಂದು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಈ ತಪ್ಪು ನನ್ನದು. ನಾನು ಯಾರ ಮೇಲೂ ಹಾಕುವುದಿಲ್ಲ.

ಆದರೆ ಒಮ್ಮೆ ಏರಿಸಿದ ಖಣವನ್ನು ಹಂಗಾಮು ಮುಗಿಯುವ ತನಕ ಇಲ್ಲಿ ಯಾರೂ ಮುಟ್ಟುವುದಿಲ್ಲ. ಕೆಲಸದವರು ದಿನಾ ಅದಕ್ಕೆ ಕೈ ಮುಗಿದು ಒಳಗೆ ಹೋದರು. ಬೆಂಕಿಗಂಡಿಯ ಹತ್ತಿರ ಇದ್ದ ಭೀಮಶಿ ಗೋಣಿ ತುರುಕಿದ್ದನ್ನು ನೋಡಿರಲಿಲ್ಲ. ಎರಡು ಬಾಯ್ಲರಿಗೆ ಒಬ್ಬನೇ ಓಡಾಡುವ ಅವನಿಗೆ ಆ ಭೋಂಗಾವೇ ಎರಡನೆಯ ಕಣ್ಣು. ಒಂದು ದಿನ ಚಹಾ ಕುಡಿಯುತ್ತ ನಕ್ಕಿದ್ದ. "ಅಕ್ಕಾ, ಖಣ ಏರಿಸಿದ ಮ್ಯಾಗ ನಿನ್ನ ಭೋಂಗವ್ವ ಭಾಳ ಶಾಣ್ಯಾಕಿ ಆಗ್ಯಾಳ ನೋಡು. ಒಮ್ಮಿನೂ ಒದರಿಲ್ಲ." ಸುಮ್ಮನಿದೆ ಅಂದರೆ ನೀರು ಬರೋಬ್ಬರಿ ಇದೆ ಎಂದು ನಂಬಿದ್ದ. ನಾನೂ ನಕ್ಕಿದ್ದೆ.

ನೀವು ಬರುವ ದಿನ ಬಾಯ್ಲರ್ ಮನೆಯ ಕಸದಲ್ಲಿ ಮೊದಲನೆಯ ಖಣ ಸಿಕ್ಕಿತು. ಅರ್ಧ ಸುಟ್ಟಿತ್ತು, ಗಂಟು ಬಿಚ್ಚಿರಲಿಲ್ಲ, ಒಳಗೆ ಗೋಣಿಯ ನಾರು. ಒಡೆದ ಬಾಯ್ಲರಿನ ಕಂಬಕ್ಕೆ ಹೊಸ ಭೋಂಗಾ ಕೂರಿಸಿ, ನೀರು ಕಡಿಮೆಯಾದರೆ ಹೀಗೆ ಕೂಗುತ್ತದೆ ಎಂದು ನಿಮ್ಮೆದುರು ಕೂಗಿಸಿದರು. ನೀವು ತಲೆದೂಗಿದಿರಿ. ಎರಡನೆಯದರ ಹತ್ತಿರ ಬಂದಾಗ ನಿಮ್ಮ ಸಂಗಡ ಇದ್ದವರು ಏನೆಂದರು? "ದೇವ್ರದೈತ್ರಿ, ಮುಟ್ಟಬಾರ್ದು." ನೀವು ಬೂಟು ಕಳಚಿ ಕೈ ಮುಗಿದಿರಿ. ಟ್ರೇ ಹಿಡಿದು ನಿಂತು ಕಣ್ಣಾರೆ ಕಂಡೆ. ನಿಮ್ಮ ಭಕ್ತಿಗೆ ನನ್ನ ನಮಸ್ಕಾರ. ಆದರೆ ಸರಕಾರ ನಿಮ್ಮನ್ನು ಕಳಿಸಿದ್ದು ಕೈ ಮುಗಿಯಲಿಕ್ಕೋ, ಬಿಚ್ಚಿ ನೋಡಲಿಕ್ಕೋ?

ನೀವು ಹೋದ ಮೇಲೆ ಸುಟ್ಟ ಖಣ ತೋರಿಸಿ ಮ್ಯಾನೇಜರ್ ಸಾಹೇಬರನ್ನು ಕೇಳಿದೆ. "ಚಹಾ ಕಾಸೂದು ನಿನ್ನ ಕೆಲ್ಸ, ಅದನ್ನ ಮಾಡು," ಎಂದರು. ಸಂಜೆಯೊಳಗೆ ಆ ಕೆಲಸವೂ ಇರಲಿಲ್ಲ.

ಸೋಮವಾರದ ಮೊದಲ ಪಾಳಿಯಲ್ಲಿ ಒಂಬತ್ತು ಮಂದಿ ಒಳಗೆ ಹೋಗುತ್ತಾರೆ. ಅವರಲ್ಲಿ ಮಹಾಂತೇಶನ ತಮ್ಮ ಶ್ರೀಶೈಲ ಒಬ್ಬ. ಭಾಗ್ಯಾ ಬ್ಯಾಡ ಎಂದು ಕಾಲು ಹಿಡಿದರೂ ಕೇಳಲಿಲ್ಲವಂತೆ. "ವೈನೀ, ತಪಾಸಣಿ ಸಾಹೇಬರ ಮುಂದ ಭೋಂಗಾ ಕೂಗೇತಿ, ನಾಕ ಮಂದಿ ನೋಡ್ಯಾರ," ಎಂದನಂತೆ. ಅವನು ನಂಬಿದ್ದು ನಿಮ್ಮ ತಲೆದೂಗುವಿಕೆಯನ್ನು. ಕೂಗಿದ್ದು ಒಡೆದುಹೋದ ಬಾಯ್ಲರಿನದು. ಅವನು ಹೋಗುತ್ತಿರುವುದು ಇನ್ನೊಂದರ ಹತ್ತಿರ.

ಮೊಬೈಲು, ಸುಟ್ಟ ಖಣ ಎರಡನ್ನೂ ಕೇಳಿದಾಗ ತಂದುಕೊಡುತ್ತೇನೆ. ಉಳಿದ ವಿಚಾರಣೆ ನಿಧಾನಕ್ಕೆ ಆಗಲಿ. ಇವತ್ತು ನಾನು ಬೇಡುವುದು ಒಂದೇ. ಬೆಂಕಿ ಹಾಕುವ ಮೊದಲು, ಆ ಒಂಬತ್ತು ಮಂದಿಯ ಎದುರು, ಎರಡನೇ ಬಾಯ್ಲರಿನ ಖಣ ಬಿಚ್ಚಿಸಿರಿ. ದೇವರ ವಸ್ತ್ರ ಮುಟ್ಟಲಿಕ್ಕೆ ನಿಮಗೆ ಅಂಜಿಕೆಯಾದರೆ ನನ್ನನ್ನು ಒಳಗೆ ಕರೆಯಿರಿ. ಉಪವಾಸವಿದ್ದು, ಮಡಿಯಲ್ಲಿ ಬಂದು, ನಾನು ಹಾಕಿದ ಗಂಟು ನಾನೇ ಬಿಚ್ಚುತ್ತೇನೆ. ಪಾಪ ಬಂದರೆ ನನಗೇ ಬರಲಿ. ಒಳಗೆ ಗೋಣಿ ಇಲ್ಲದಿದ್ದರೆ ಸುಳ್ಳು ಹೇಳಿದಳೆಂದು ಅಲ್ಲಿಯೇ ಪೊಲೀಸರಿಗೆ ಒಪ್ಪಿಸಿರಿ.

ಸೋಮವಾರ ಮುಂಜಾನೆ ಆರಕ್ಕೆ ಗೇಟಿನ ಹೊರಗೆ ನಿಂತಿರುತ್ತೇನೆ. ನೀವು ಬರದೆ ಗೋಕಾಕದ ಆಫೀಸಿನಲ್ಲೇ ಕೂತಿದ್ದರೆ, ಕಾರ್ಖಾನೆಯಿಂದ ಏನೂ ಸದ್ದು ಬರಲಿಲ್ಲವೆಂದು ಸಮಾಧಾನ ಪಡಬೇಡಿ. ಮೊದಲನೆಯದೂ ಎರಡು ತಿಂಗಳು ಸುಮ್ಮನೇ ಇತ್ತು.

ಇಂತಿ,
ಮೂರು ಗಂಟು ಬಿಗಿಯಾಗಿ ಹಾಕಿದ
ಶಂಕ್ರವ್ವ, ಕೊಣ್ಣೂರ
(ಸದ್ಯ ಗೇಟಿನ ಹೊರಗೆ)