ಬಾಲದ ನೆಣ ಎಲ್ಲಿ ಹೋಯಿತು?

ಕೆಗೆನ್,
ಅಕ್ಟೋಬರ್ 20

ಪ್ರೀತಿಯ ಬಲ್ಜಾನ್ ಅಕ್ಕ,

ಇಲ್ಲ, ನಾನು ಮಾರಿಲ್ಲ. ಕುರಿ ಕೊಯ್ದ ಸುದ್ದಿ ಬಂತು, ನೆಣದ ಡಬ್ಬಿ ಬರಲಿಲ್ಲ, ಹಾಗಾದರೆ ಕ್ರೀಮ್ ಮಾಡುವ ಆ ಹೆಂಗಸಿಗೆ ಸಾಕೆನ್‌ನೇ ಮಾರಿ ಸಿಗರೇಟು ಸೇದಿರುತ್ತಾನೆ ಅಂತ ಎಷ್ಟು ಸಲೀಸಾಗಿ ಬರೆದುಬಿಟ್ಟೆ! ಹತ್ತನೇ ತರಗತಿಗೇ ಶಾಲೆ ಬಿಟ್ಟವನೆಂದರೆ ಕಳ್ಳನೂ ಆಗಿರಬೇಕಾ? ಆ ಹೆಂಗಸು ನೆಣ ಕೇಳಿಕೊಂಡು ಬಂದದ್ದು ಬೇಸಿಗೆಯಲ್ಲಿ. ಆಗ ನಮ್ಮ ಕುರಿಗಳ ಬಾಲದಲ್ಲಿ ನೆಣ ಇನ್ನೂ ತುಂಬಿರಲೇ ಇಲ್ಲ.

ನಿನ್ನ ಕೈ ಒಡೆದು ರಕ್ತ ಬರುತ್ತಿದೆ ಅಂತ ಓದಿ ಸಂಕಟವಾಯಿತು. ನರ್ಸಿಂಗ್ ಓದುವವರು ದಿನಕ್ಕೆ ಎಷ್ಟು ಸಲ ಕೈ ತೊಳೆಯಬೇಕೋ ಏನೋ. ಅಂಗಡಿ ಕ್ರೀಮ್ ಹಚ್ಚಿದ ಗಳಿಗೆ ತಂಪು, ಆಮೇಲೆ ಮತ್ತೆ ಬಿಗಿಯುತ್ತದೆ ಅಂತೀಯ. ಬಿಗಿಯದೆ ಇನ್ನೇನು? ಅದರಲ್ಲಿ ಅರ್ಧ ನೀರೇ. ಇಲ್ಲಿ ಅದನ್ನು ಕೆನ್ನೆಗೆ ಬಳಿದುಕೊಂಡು ಚಳಿಗಾಲದಲ್ಲಿ ಕುದುರೆ ಹತ್ತಿದರೆ ಮುಖವೇ ಮರಗಟ್ಟುತ್ತದೆ. ನೆಣ ಹಾಗಲ್ಲ. ಬೆರಳ ಬಿಸಿಗೇ ಕರಗಿ, ಬಿರುಕಿಗೆ ಇಳಿದು, ಮೇಲೊಂದು ಪದರವಾಗಿ ಕೂತುಬಿಡುತ್ತದೆ. ವಾಸನೆ ಅಂತ ಮೂಗು ಮುಚ್ಚಿಕೊಂಡ ನಿನ್ನ ಹಾಸ್ಟೆಲ್ ಹುಡುಗಿಯರೇ ಹೋದ ವರ್ಷ ಡಬ್ಬಿಯ ತಳ ಕೆರೆದರು ಅಂತ ನೀನೇ ಹೇಳಿದ್ದೆ.

ಅದಕ್ಕೇ ನಾನು ಹುಡುಕಲು ಹೊರಟೆ. ಮೊದಲು ಅನುಮಾನ ಬಂದದ್ದು ರೌಶಾನ್ ಅತ್ತಿಗೆಯ ಮೇಲೆ. ಎಳೆಮಗುವಿನ ತಾಯಿ, ಮಗುವಿಗೆ ಹಚ್ಚಲು ಬಚ್ಚಿಟ್ಟಿರಬೇಕು ಅಂದುಕೊಂಡೆ. ಹಿಟ್ಟು ನಾದುತ್ತಿದ್ದವಳ ಕೈ ಹಿಡಿದು ತಿರುಗಿಸಿ ನೋಡಿದೆ. "ಏನ್ ಮೈದುನ, ಧೈರ್ಯ ಜಾಸ್ತಿ ಆಯ್ತಲ್ಲ, ನಿಮ್ಮಣ್ಣನ್ನ ಕರೀಲಾ?" ಅಂತ ನಕ್ಕಳು. ಅವಳ ಬೆರಳ ಸಂದಿಯೂ ಸೀಳಿತ್ತು. ಮಗುವಿನ ಕೆನ್ನೆ ಕೆಂಪಾಗಿ ಒರಟಾಗಿತ್ತು. ಅಮ್ಮನ ಹಿಮ್ಮಡಿಯಂತೂ ಕೇಳಲೇಬೇಡ. ಅಷ್ಟು ದೊಡ್ಡ ಬಾಲದ ಕುರಿ ಕೊಯ್ದ ಮನೆಯಲ್ಲಿ ಯಾರೊಬ್ಬರ ಚರ್ಮವೂ ಮೆತ್ತಗಿಲ್ಲ! ನೆಣ ಕಾಯಿಸಿದ್ದರೆ ತಳದಲ್ಲಿ ಗರಿಗರಿ ಚೂರು ಉಳಿಯಬೇಕಿತ್ತು. ಬಿಸಿ ರೊಟ್ಟಿಯ ಜೊತೆ ಅದನ್ನು ತಿಂದು ಮುಗಿಸುವವನು ನಾನೇ ತಾನೇ? ಈ ಸಲ ಒಂದು ಚೂರೂ ಸಿಗಲಿಲ್ಲ. ಅಂದರೆ ಕಾಯಿಸಿಯೇ ಇಲ್ಲ.

ಕುರಿ ಕೊಯ್ದ ದಿನ ನಾನು ಮನೆಯಲ್ಲಿರಲಿಲ್ಲ. ಕುದುರೆಗಳನ್ನು ಹೊಡೆದುಕೊಂಡು ಬಾ ಅಂತ ಅಪ್ಪ ಬೆಟ್ಟಕ್ಕೆ ಅಟ್ಟಿದ್ದರು. ಬಂದು ನೋಡಿದರೆ ಅಂಗಳದಲ್ಲಿ ವ್ಯಾನಿನ ಗುರುತು. ನರಿನ್‌ಕೋಲ್ ಕಡೆಯವರು ಹೆಣ್ಣುಕುದುರೆ ನೋಡೋಕೆ ಬಂದಿದ್ದರು, ಹೋದರು ಅಂತ ಅಪ್ಪ ಅಂದರು. ಕುದುರೆಗಳೆಲ್ಲ ನನ್ನ ಜೊತೆಗಿದ್ದವು, ಅಕ್ಕ. ಅವರು ನೋಡಿದ್ದು ಯಾವ ಕುದುರೆ? ಅಪ್ಪನ ಕೆನ್ನೆ, ಮೀಸೆ ಎಲ್ಲ ಮಿರಮಿರ ಮಿಂಚುತ್ತಿತ್ತು. "ಏನಪ್ಪಾ, ಅಮ್ಮನ ಡಬ್ಬಿಗೆ ಕೈ ಹಾಕಿದ್ರಾ? ಮದುಮಗನ ಥರ ಹೊಳೀತಿದೀರ" ಅಂದೆ. ಅವರು ನಗಲಿಲ್ಲ. ಟವೆಲಿನಲ್ಲಿ ಮುಖ ಉಜ್ಜಿಕೊಂಡು ಕೊಟ್ಟಿಗೆಗೆ ಹೋದರು. ಮಾರನೆಯ ದಿನ ನನ್ನ ಫೋನನ್ನು ರಿಪೇರಿಗೆ ಅಂತ ತೆಗೆದುಕೊಂಡರು. ಅದು ಕೆಟ್ಟೇ ಇರಲಿಲ್ಲ.

ನಿನ್ನೆ ಅತ್ತಿಗೆಯನ್ನು ಮತ್ತೆ ಕೆಣಕಿದೆ. ನೆಣವನ್ನು ನೀನೇ ತವರಿಗೆ ಸಾಗಿಸಿದೀಯ, ಊರಿಗೆಲ್ಲ ಹೇಳ್ತೀನಿ ಅಂದೆ. ಅವಳಿಗೆ ರೇಗಿತು. "ನನ್ನ ತವರಿನ ಸುದ್ದಿಗೆ ಬಂದ್ರೆ ನೋಡು! ಬೇಯ್ಸಿದ್ದೂ ನಾನು, ಲಿವರ್ ಜೊತೆ ತೆಳ್ಳಗೆ ಹೆಚ್ಚಿ ಮೊಸರು ಸುರಿದಿದ್ದೂ ನಾನು, ಉಳಿದಿದ್ದನ್ನ ಶಾಸ್ತ್ರಕ್ಕೆ ಬೀಗರ ಮುಖಕ್ಕೆಲ್ಲ ಮೆತ್ತಿದ್ದೂ ನಾನೇ!" ಅಂದಳು. ಅಂದವಳೇ ಹಿಟ್ಟಿನ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. ಆಮೇಲೆ ಒಂದೊಂದಾಗಿ ಎಲ್ಲ ಹೇಳಿದಳು.

ಎರಡು ಮನೆಯವರು ಒಂದೇ ತಟ್ಟೆಯಲ್ಲಿ ಬಾಲದ ನೆಣವನ್ನೂ ಲಿವರನ್ನೂ ತಿಂದರೆ ಹೆಣ್ಣು ಕೊಟ್ಟಾಯಿತು ಅಂತಲೇ ಅರ್ಥ. ನಮ್ಮ ಮನೆಯಲ್ಲಿ ಕೊಡಲು ಇರುವವಳು ನೀನೊಬ್ಬಳೇ. ಹುಡುಗ ಆ ವ್ಯಾನಿನವರ ಹಿರಿಯ ಮಗ. ನಿನ್ನ ಓದು ಇಷ್ಟಕ್ಕೇ ಸಾಕಂತೆ.

ಅಮ್ಮನನ್ನು ಕೇಳಿದೆ. ಅವಳು ನನ್ನ ಮುಖ ನೋಡಲಿಲ್ಲ. "ಅವಳ ಕೈಗೆ ನೆಣ ತಾನೇ ಬೇಕಾಗಿದ್ದು? ಆ ಮನೇಲಿ ಕುರಿಗೇನು ಕಮ್ಮಿ? ಮೈತುಂಬಾ ಹಚ್ಕೊಳ್ಳಲಿ ಬಿಡು" ಅಂದಳು. ಲಂಗದ ಅಂಚಿನಿಂದ ಒಡೆದ ಹಿಮ್ಮಡಿ ಮುಚ್ಚಿಕೊಂಡಳು.

"ಅವಳನ್ನ ಒಂದು ಮಾತು ಕೇಳಿದ್ರಾ?" ಅಂತ ಅಪ್ಪನಿಗೆ ಅಂದೆ.

"ತಿಂದಾಯ್ತು. ತಿಂದಿದ್ದನ್ನ ಕಕ್ಕೋಕಾಗುತ್ತೇನೋ? ಕೂತ್ಕೊಂಡು ಚಹಾ ಕುಡಿ" ಅಂತ ಗದರಿದರು.

"ತಿಂದಿದ್ದು ನೀವು. ಅವಳಲ್ಲ" ಅಂದೆ. ಚಹಾ ಮುಟ್ಟಲಿಲ್ಲ. ಟೋಪಿ ಎತ್ತಿಕೊಂಡು ಹೊರಗೆ ಬಂದು ಬಾಗಿಲು ಎಳೆದುಕೊಂಡೆ.

ನಿನ್ನ ತಮ್ಮ,
ಸಾಕೆನ್

ತಾ.ಕ.: ಅಮ್ಮನಿಗೆ ಎದೆನೋವು, ಈಗಲೇ ಹೊರಟು ಬಾ ಅಂತ ಶುಕ್ರವಾರ ನಿನಗೆ ಫೋನ್ ಬರುತ್ತದೆ. ಅಮ್ಮ ಗಟ್ಟಿಮುಟ್ಟಾಗಿದ್ದಾಳೆ. ಬರಬೇಡ. ಮಾತಾಡುವವನು ನಾನೇ, ನಿನ್ನೆ ರಾತ್ರಿ ಮನೆಗೆ ಮರಳಿದ ಮೇಲೆ ಏನು ಹೇಳಬೇಕು ಅಂತ ಅಪ್ಪ ಬಾಯಿಪಾಠ ಮಾಡಿಸಿದ್ದಾರೆ. ನಾನು ಎಷ್ಟೇ ಅತ್ತರೂ ನಂಬಬೇಡ.